ಕಾತ್ಯಾಯನಿ ಟೀಚರ್ ಹೇಳಿಕೊಟ್ಟ ಪರೀಕ್ಷೆ

ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ಹೈಸ್ಕೂಲಿನಲ್ಲಿ ಕಾತ್ಯಾಯನಿ ಟೀಚರ್ ವಿಜ್ಞಾನ ಹೇಳಿಕೊಡಲು ತೊಡಗಿ ಬಹಳ ವರ್ಷವಾಯಿತು. ಪೂಜೆ ಮಾಡುವವರ ಮನೆಯ ಹೆಣ್ಣು. ಅಪ್ಪ ತಿಮ್ಮಪ್ಪಯ್ಯನವರು ಮಂತ್ರದಲ್ಲಿ ಒಂದು ಅಕ್ಷರ ತಪ್ಪಿದರೂ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದವರು. ಮಗಳಿಗೆ ಆ ಹಟ ಬಂತು, ಮಂತ್ರ ಬರಲಿಲ್ಲ.

ಮಕ್ಕಳ ಕೈಗೆಲ್ಲ ಮೊಬೈಲು ಬಂದ ಮೇಲೆ ಅವರು ಯಾರೂ ಹೇಳದಿದ್ದರೂ ಒಂದು ಕೆಲಸವನ್ನು ಮೈಮೇಲೆ ಎಳೆದುಕೊಂಡಿದ್ದರು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಪಾಠ ಬದಿಗಿಟ್ಟು, ಯಾವ ವೆಬ್‌ಸೈಟನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಡುತ್ತಿದ್ದರು. ಬರೆದವರ ಹೆಸರು ಉಂಟೋ ನೋಡಿ, ಯಾವಾಗ ಬರೆದದ್ದು ನೋಡಿ, ಕೊನೆಯಲ್ಲಿ ಏನಾದರೂ ಮಾರುತ್ತಾರೋ ನೋಡಿ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕೃಷ್ಣಪ್ಪ ಮಾಸ್ಟ್ರು, "ನಮ್ಮ ಟೀಚರು ದೇವಸ್ಥಾನದ ಪ್ರಸಾದಕ್ಕೂ ವಿಳಾಸ ಕೇಳುವವರು" ಎಂದು ಕಾಲೆಳೆಯುತ್ತಿದ್ದರು. ಟೀಚರ್ ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ.

ಈ ಎಲ್ಲಕ್ಕಿಂತ ಅವರಿಗೆ ಮೆಚ್ಚುಗೆಯಾದ ಪರೀಕ್ಷೆ ಇನ್ನೊಂದಿತ್ತು. ಅದು ಅವರದೇ ತಲೆಯಿಂದ ಬಂದದ್ದು, ಇದೊಂದರಲ್ಲಿ ಪಾಸಾದರೆ ಉಳಿದದ್ದನ್ನು ನೋಡಬೇಕಿಲ್ಲ ಎನ್ನುತ್ತಿದ್ದರು.

"ನಿಮಗೆ ಚೆನ್ನಾಗಿ ಗೊತ್ತಿರೋ ವಿಷಯ ಒಂದನ್ನ ಆ ಸೈಟಲ್ಲಿ ಹುಡುಕಿ. ಅದನ್ನ ಸರಿಯಾಗಿ ಬರೆದಿದ್ರೆ, ನಿಮಗೆ ಗೊತ್ತಿಲ್ಲದ್ದನ್ನೂ ಸರಿಯಾಗಿ ಬರೆದಿರ್ತಾರೆ. ಅದನ್ನೇ ತಪ್ಪಿದವರನ್ನ ಯಾಕೆ ನಂಬ್ತೀರಿ?"

ಒಮ್ಮೆ ಯಾವುದೋ ಪ್ರವಾಸದ ಸೈಟು ಮಡಿಕೇರಿ ಬಳಿಯ ಅಬ್ಬಿ ಜಲಪಾತವನ್ನು ಕುಶಾಲನಗರದ ಪೇಟೆಯೊಳಗೆ ತಂದಿಟ್ಟಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ಪರೀಕ್ಷೆ ಗೆದ್ದಿತೆಂದು ಟೀಚರಿಗೂ ಹೆಮ್ಮೆ. ಆದರೆ ಸುಳ್ಳುಗಾರನನ್ನು ಹಿಡಿಯುವ ಪರೀಕ್ಷೆ ಬೇರೆ, ಸತ್ಯವಂತನನ್ನು ಗುರುತಿಸುವ ಪರೀಕ್ಷೆ ಬೇರೆ. ಅಷ್ಟು ಓದಿದ ಹೆಂಗಸಿಗೆ ಅದು ಹೊಳೆಯದೇ ಹೋಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಒಂದು ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಹತ್ತನೆಯ ತರಗತಿಯ ದೀಕ್ಷಿತಾ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಶನಿವಾರದ ಪಾಠಕ್ಕೆ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ ಹುಡುಗಿ. ಅವಳ ಅಪ್ಪ ದೇರಪ್ಪ ಗದ್ದೆಯ ಬದುವಿನ ಮೇಲೆ ಬಿದ್ದು, ಬಲಗೈ ಬಲಗಾಲು ಸ್ವಾಧೀನ ತಪ್ಪಿ, ಮಾತು ಹೋಗಿದೆ ಎಂದು ಸುದ್ದಿ ಬಂತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೂ ಹುಡುಗಿ ಬರಲಿಲ್ಲ. ಕಾತ್ಯಾಯನಿ ಒಂದು ಮಧ್ಯಾಹ್ನ ರಜೆ ಹಾಕಿ ಅವರ ಮನೆಗೆ ಹೋದರು.

ಜಗಲಿಯ ಮಂಚದ ಮೇಲೆ ದೇರಪ್ಪ ಮಲಗಿದ್ದ. ಒಂದೂರಿನಿಂದ ಕಾಫಿ ಕೊಯ್ಲಿಗೆ ಕೂಗು ಹಾಕಿದರೆ ಮುಂದಿನೂರಿನ ಆಳು ಎದ್ದು ಬರಬೇಕು, ಅಂಥ ಗಂಟಲಿನ ಮನುಷ್ಯ. ಟೀಚರನ್ನು ಕಂಡು ಏನೋ ಹೇಳಲು ಹೋದ, ಬರೀ ಗಾಳಿ ಹೊರಟಿತು. ಅವನ ಹೆಂಡತಿ ಹೊನ್ನಮ್ಮ ಕಾಫಿ ತಂದಿಟ್ಟಳು.

"ಒಳಗೆ ಉಟ್ಟು ಟೀಚರೇ, ಹೊರಗೆ ಬರದಿಲ್ಲೆ," ಎಂದಳು, ಕತ್ತಲೆ ಕೋಣೆ ಸೇರಿದ್ದ ಮಗಳ ಬಗ್ಗೆ. "ಅಪ್ಪನ ಮುಖನೇ ನೋಡದಿಲ್ಲೆ. ನಾನೇ ಹಿಂಗೆ ಮಾಡ್ದು ಅಂತ ಹೇಳಿಕಂಡ್ ಕೂತುಟ್ಟು."

ಆಮೇಲೆ ಎಲ್ಲವನ್ನೂ ಹೇಳಿದಳು. ದೇರಪ್ಪನಿಗೆ ಬಿ.ಪಿ. ಇತ್ತು. ದಿನಾ ಮಾತ್ರೆ ನುಂಗುವುದೆಂದರೆ ಅವನಿಗೆ ಬೇಸರ. ಮಳೆಗಾಲದ ನಡುವಿನ ಆಟಿ ತಿಂಗಳ ಹದಿನೆಂಟಕ್ಕೆ ಎಲ್ಲರಂತೆ ಅವರ ಮನೆಯಲ್ಲೂ ಮದ್ದುಸೊಪ್ಪು ಬೇಯಿಸಿ ಪಾಯಸ ಮಾಡಿದ್ದರು. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎನ್ನುವುದು ಕೊಡಗಿನಲ್ಲಿ ಹಿಂದಿನಿಂದ ಬಂದ ನಂಬಿಕೆ. ಪಾಯಸ ಉಣ್ಣುತ್ತ ದೇರಪ್ಪ, "ಇಷ್ಟೆಲ್ಲ ಮದ್ದಿರ್ಕಾರೆ ಆ ಮಾತ್ರೆ ಎಂತಕೆ? ನೋಡ್ ಮಗ ನಿನ್ನ ಮೊಬೈಲ್‌ಲಿ" ಎಂದಿದ್ದ. ದೀಕ್ಷಿತಾ ಹುಡುಕಿದಳು. ಒಂದು ಸೈಟು ಸಿಕ್ಕಿತು. ಅವಳು ಕಣ್ಣು ಮುಚ್ಚಿ ನಂಬಲಿಲ್ಲ, ಟೀಚರ್ ಹೇಳಿಕೊಟ್ಟಂತೆ ಪರೀಕ್ಷಿಸಿದಳು. ಸೊಪ್ಪಿಗೆ ಯಾವ ಹೊತ್ತಿನಲ್ಲಿ ಪರಿಮಳ ಬರುತ್ತದೆ, ಬೇಯಿಸಿದ ನೀರು ಯಾವ ಬಣ್ಣಕ್ಕೆ ತಿರುಗುತ್ತದೆ, ಪಾಯಸ ಉಂಡ ಮರುದಿನ ಮೂತ್ರ ಕೆಂಪಗಾದರೆ ಹೊಸಬರು ಹೇಗೆ ಹೆದರುತ್ತಾರೆ, ಎಲ್ಲವೂ ಅದರಲ್ಲಿತ್ತು. ಒಂದೊಂದನ್ನೂ ಅಮ್ಮನ ಬಳಿ ಕೇಳಿ ನೋಡಿದಳು. ಒಂದೂ ತಪ್ಪಿರಲಿಲ್ಲ. ಬರೆದವರ ಹೆಸರಿರಲಿಲ್ಲ, ಬುಡದಲ್ಲಿ ಪುಡಿಯ ಡಬ್ಬಿಯೂ ಇತ್ತು, ಆದರೆ ಟೀಚರಿನ ಮೆಚ್ಚಿನ ಪರೀಕ್ಷೆ ಪಾಸಾಗಿತ್ತು; ಬರೆದವರು ನಮ್ಮವರೇ ಎಂದುಕೊಂಡಳು. ಕೆಳಗೆ, ಇದರ ಕಷಾಯ ಕುಡಿದರೆ ರಕ್ತದೊತ್ತಡದ ಮಾತ್ರೆ ಬೇಕಾಗಿಲ್ಲ ಎಂದಿತ್ತು. ಅದನ್ನೂ ಓದಿ ಹೇಳಿದಳು. ದೇರಪ್ಪ ಮಾತ್ರೆ ಬಿಟ್ಟ.

"ಟೀಚರ್ ಹೇಳ್ದ ಹಾಂಗೆನೇ ನೋಡಿಯೊಳೆ ಅಮ್ಮ, ಹೆದ್ರಬೇಡ ಅಂತ ಹೇಳ್ತ್," ಎಂದು ಮಗಳ ಮಾತನ್ನು ಹೇಳಿ, ಹೊನ್ನಮ್ಮ ಅವಳ ಮೊಬೈಲಿನಲ್ಲಿ ಆ ಸೈಟು ತೆಗೆದು ಮುಂದೆ ಹಿಡಿದಳು. ದೂರು ಹೇಳುವ ದನಿಯೇನಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದ್ದು.

ಕಾತ್ಯಾಯನಿ ಓದತೊಡಗಿದರು. ಎರಡನೆಯ ಪ್ಯಾರಾಕ್ಕೆ ಬಂದಾಗ ನಿಂತು ಮತ್ತೆ ಮೊದಲಿನಿಂದ ಓದಿದರು. ವಾಕ್ಯಗಳು ಅವರೇ ಬರೆದವು. ಕೆಲವು ವರ್ಷದ ಹಿಂದೆ ಮಡಿಕೇರಿಯ ಒಂದು ಸಂಘದ ವೆಬ್‌ಸೈಟಿಗೆ ಮದ್ದುಸೊಪ್ಪಿನ ಆಚರಣೆಯ ಬಗ್ಗೆ ಒಂದು ಲೇಖನ ಬರೆದುಕೊಟ್ಟಿದ್ದರು. ಮನೆ ಮನೆಗೆ ಹೋಗಿ, ಅಜ್ಜಿಯಂದಿರನ್ನು ಮಾತನಾಡಿಸಿ, ಹಟ ಹಿಡಿದು ಬರೆದದ್ದು. ಅದನ್ನು ಯಾರೋ ಇಡೀ ಎತ್ತಿಕೊಂಡು, ಅವರ ಹೆಸರು ತೆಗೆದು, ಬುಡಕ್ಕೆ ತಮ್ಮ ಸುಳ್ಳು ಅಂಟಿಸಿ, ಪುಡಿಯ ಡಬ್ಬಿ ಮಾರಾಟಕ್ಕಿಟ್ಟಿದ್ದರು. ಈ ಸೊಪ್ಪು ರೋಗ ವಾಸಿಮಾಡುತ್ತದೆ ಎನ್ನಲು ಪುರಾವೆಯಿಲ್ಲ ಎಂದು ಟೀಚರ್ ಕೊನೆಯಲ್ಲಿ ಬರೆದಿದ್ದ ಸಾಲನ್ನಷ್ಟೇ ಕಿತ್ತುಹಾಕಿದ್ದರು.

ಕಲಿಸಿದ ಪರೀಕ್ಷೆ ಟೀಚರದು. ಪರೀಕ್ಷೆಯಲ್ಲಿ ಪಾಸಾದ ಮಾತುಗಳೂ ಟೀಚರದ್ದೇ. ನಡುವೆ ಸಿಕ್ಕಿಬಿದ್ದದ್ದು ಒಂದು ಮಗು.

ಅದು ತಮ್ಮ ಲೇಖನವೆಂದು ಅವರು ಆ ದಿನ ಹೇಳಲಿಲ್ಲ. ಕಾಫಿ ಕುಡಿದು, ಎರಡು ಸಮಾಧಾನದ ಮಾತಾಡಿ ಎದ್ದು ಬಂದರು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದರು. ಸೈಟಿನಲ್ಲಿ ಅವರ ಹೆಸರಿಲ್ಲ, ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಊರು ಏನನ್ನುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು: ಟೀಚರ್ ಬರೆದದ್ದನ್ನು ಓದಿ ದೇರಪ್ಪ ಬಿದ್ದ. ಊರಿಗೆ ಕೊನೆಯ ಸಾಲಿನ ಲೆಕ್ಕ ಬೇಕಿಲ್ಲ. ಮನೆಗೆ ಬಂದು ಆ ಸೈಟಿನವರಿಗೆ ಖಾರವಾಗಿ ಬರೆದರು. ಉತ್ತರ ಬರಲಿಲ್ಲ. ಅಲ್ಲಿ ಹೆಸರಿಲ್ಲ, ಊರಿಲ್ಲ, ಬೈಯಲಿಕ್ಕಾದರೂ ಒಂದು ಮುಖವಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಆ ಹುಡುಗಿಯನ್ನು ಕತ್ತಲೆ ಕೋಣೆಯಲ್ಲಿ ಬಿಟ್ಟು ಬಂದೆ ಎಂದು ತಮ್ಮ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ ಮತ್ತೆ ಹೋದರು. ಈ ಸಲ ಜಗಲಿಯಲ್ಲಿ ಕೂರದೆ ನೇರ ಒಳಗೆ ಹೋಗಿ ದೀಕ್ಷಿತಾಳ ಎದುರು ನೆಲದ ಮೇಲೆ ಕೂತರು. ತಮ್ಮ ಲೇಖನವನ್ನೂ ಆ ಸೈಟನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತೋರಿಸಿದರು. ಬಾಗಿಲಲ್ಲಿ ನಿಂತು ಹೊನ್ನಮ್ಮನೂ ಕೇಳಿಸಿಕೊಂಡಳು.

"ನೀನು ಸರಿಯಾಗಿಯೇ ನೋಡಿದೆ. ನಾನು ಹೇಳಿಕೊಟ್ಟ ಪರೀಕ್ಷೆಯೇ ಸರಿ ಇರಲಿಲ್ಲ. ಒಂದು ವಿಷಯ ಸರಿ ಇದೆ ಅಂತ ಇನ್ನೊಂದನ್ನ ನಂಬಬಾರದು ಮಗಾ. ಒಂದೊಂದನ್ನೂ ಬೇರೆ ಬೇರೆಯಾಗಿ, ಅದನ್ನ ತಿಳಿದವರಲ್ಲಿ ಕೇಳಬೇಕು. ಸೊಪ್ಪಿನ ವಿಷಯಕ್ಕೆ ನಿನ್ನ ಅಮ್ಮ, ಮಾತ್ರೆಯ ವಿಷಯಕ್ಕೆ ಡಾಕ್ಟರು. ಇದನ್ನ ನಾನು ಹೇಳಿಕೊಡಲಿಲ್ಲ. ತಪ್ಪು ನಿಂದಲ್ಲ."

ದೀಕ್ಷಿತಾ ಎರಡನ್ನೂ ಇನ್ನೊಮ್ಮೆ ತಾನೇ ಓದಿ ನೋಡಿದಳು. ಅಳಲಿಲ್ಲ.

"ಈಗ ನೀವು ಹೇಳ್ದುನ ಯಾರ ಹತ್ರ ಕೇಳಿ ನೋಡಕ್ ಟೀಚರ್?" ಎಂದಳು.

ಉದ್ಧಟತನದ ಮಾತಲ್ಲ. ಹುಡುಗಿಗೆ ನಿಜವಾಗಿ ಗೊತ್ತಾಗಬೇಕಿತ್ತು. ತಾನು ಎಷ್ಟು ಹೇಳಿದರೂ ಈ ಮಗುವಿಗೆ ಅದು ಇನ್ನೊಬ್ಬರ ಮಾತು ಮಾತ್ರ ಎಂದು ಅವರಿಗೆ ಅರ್ಥವಾಯಿತು.

"ಅಪ್ಪನ ಹತ್ರ ಕೇಳು," ಎಂದರು. "ತಪ್ಪು ನಿಂದಲ್ಲ ಅಂತ ಹೇಳುವ ಹಕ್ಕು ಅವರಿಗೆ ಮಾತ್ರ ಇರೋದು."

ದೀಕ್ಷಿತಾ ಎದ್ದು, ಗೋಡೆ ಹಿಡಿದುಕೊಂಡು ಜಗಲಿಗೆ ಬಂದು, ಮಂಚದ ಬಳಿ ತಲೆ ತಗ್ಗಿಸಿ ನಿಂತಳು. ಅಪ್ಪ ಬಿದ್ದ ಮೇಲೆ ಅವಳು ಅವನ ಎದುರು ನಿಂತದ್ದು ಅದೇ ಮೊದಲು.

"ಅಪ್ಪ, ನಿಂಗೆ ಹಿಂಗೆ ಆದು ನನ್ನಿಂದನಾ?"

ದೇರಪ್ಪನ ಬಾಯಿ ಸೊಟ್ಟಗಾಯಿತು. ಉತ್ತರ ಹೊರಡಲಿಲ್ಲ. ಹೌದು ಎಂದುಬಿಟ್ಟರೆ ಏನು ಗತಿ ಎಂದು ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಇಬ್ಬರು ಹೆಂಗಸರೂ ಹೆದರಿದರು. ಅವನು ಇನ್ನೊಮ್ಮೆ ಪ್ರಯತ್ನಿಸಿ ಬಿಟ್ಟುಕೊಟ್ಟ. ಆಮೇಲೆ ನಿಧಾನವಾಗಿ ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದ. ಅಷ್ಟಕ್ಕೇ ನಿಲ್ಲಿಸದೆ ಎಡಗೈಯಿಂದ ತನ್ನ ಎದೆಯನ್ನು ಮುಟ್ಟಿ ತೋರಿಸಿದ, ನಾನೇ, ನಾನೇ ಮಾತ್ರೆ ಬಿಟ್ಟದ್ದು ಎನ್ನುವಂತೆ. ಮತ್ತೆ ಅದೇ ಕೈ ಚಾಚಿ ಮಗಳ ಮಣಿಕಟ್ಟು ಹಿಡಿದುಕೊಂಡ.

ಹುಡುಗಿ ಮಂಚದ ಅಂಚಿಗೆ ಕುಸಿದು ಕೂತು ಆಗ ಅತ್ತಳು. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಕಾತ್ಯಾಯನಿ ಎದ್ದಾಗಲೂ ಅವನು ಕೈ ಬಿಟ್ಟಿರಲಿಲ್ಲ.