ಗಿರಿಜತ್ತೆಯ ಹೆಸರಿನ ಹಿಂದೆ

ಸೀಮೆಎಣ್ಣೆಯ ವಾಸನೆ ಈಗ ಯಾರ ಮನೆಯಲ್ಲೂ ಇಲ್ಲ. ಮೊನ್ನೆ ಹೊಸನಗರದ ಗ್ಯಾರೇಜೊಂದರ ಮುಂದೆ ಹಾದುಹೋಗುವಾಗ ಒಬ್ಬಾತ ಬೈಕಿನ ಚೈನು ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ, ಬಂದ ಕೆಲಸ ಮರೆತು ನಿಂತುಬಿಟ್ಟೆ. ನನ್ನ ಅಪ್ಪನ ತಂಗಿ ಗಿರಿಜತ್ತೆಯ ಕೈಗಳಿಗೆ ಅದೇ ವಾಸನೆಯಿತ್ತು. ಸಾಗರದ ಪೇಟೆಯ ಒಂದು ಅಚ್ಚುಕೂಟದಲ್ಲಿ ಅವಳು ಮೊಳೆ ಜೋಡಿಸುತ್ತಿದ್ದಳು. ಸೀಸದ ಪುಟ್ಟ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಬೇಕು. ಅಚ್ಚು ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅವುಗಳ ಖಾನೆಗಳಿಗೆ ಸೇರಿಸಬೇಕು. ಶಾಲೆ ಬಿಟ್ಟ ಮೇಲೆ ನಾನು ಅವಳ ಪಕ್ಕ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಹೆಚ್ಚಿನದೆಲ್ಲ ಮದುವೆಯ ಕಾಗದ. ವರನಿಗೆ ‘ಚಿ.’, ವಧುವಿಗೆ ‘ಚಿ. ಸೌ.’, ಗಂಡನಿದ್ದವಳಿಗೆ ‘ಸೌ.’, ಮದುವೆಯಾಗದವಳಿಗೆ ‘ಕುಮಾರಿ’. ಗಂಡ ತೀರಿಕೊಂಡವಳ ಹೆಸರು ಕಾಗದಕ್ಕೆ ಬರುತ್ತಲೇ ಇರಲಿಲ್ಲ. ಉಳಿದ ಗಂಡಸರಿಗೆ ಮಾತ್ರ, ಮದುವೆಯಾಗಿರಲಿ, ಆಗದಿರಲಿ, ಹೆಂಡತಿ ಸತ್ತಿರಲಿ, ತಾನೇ ಅವಳನ್ನು ಬಿಟ್ಟುಹೋಗಿರಲಿ, ಒಂದೇ ‘ಶ್ರೀ’. “ಅತ್ತೆ, ನಿಂಗೆ ಎಂತ ಹಾಕೋದು?” ಎಂದು ಒಮ್ಮೆ ಕೇಳಿದೆ. “ನಂಗಾ? ನಂಗೆ ಹಾಕೋ ಮೊಳೆ ಇನ್ನೂ ಎರಕ ಹೊಯ್ದಿಲ್ಲ ಮಾರಾಯ್ತಿ” ಎಂದು ನಕ್ಕಳು.

ನಾನು ಹುಟ್ಟುವ ಮೊದಲೇ ಅವಳ ಗಂಡ ಅವಳನ್ನು ತವರಿಗೆ ಬಿಟ್ಟು, ಶಿವಮೊಗ್ಗದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಅಂದಿನಿಂದ ಅವಳು ನಮ್ಮ ಮನೆಯಲ್ಲೇ. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈಯಲ್ಲಿ ಹಸಿರು ಬಳೆ. ಆದರೆ ಗೌರಿ ಹಬ್ಬದಲ್ಲಿ ಕೇರಿಯ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಾಗ ಅಮ್ಮನಿಗೆ ಕೊಟ್ಟು, ಅವಳೆದುರು ಒಂದು ಗಳಿಗೆ ತಡೆದು, ಮುಂದೆ ಹೋಗುತ್ತಿದ್ದರು. ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂಬಂತೆ ಆ ಹೊತ್ತಿಗೆ ಸರಿಯಾಗಿ ಒಳಗೆ ಸರಿಯುವುದನ್ನು ಅವಳು ಕಲಿತುಕೊಂಡಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆ ಮನುಷ್ಯ ಸತ್ತ ಸುದ್ದಿ ಬಂತು. ಕ್ರಿಯೆಗಳನ್ನೆಲ್ಲ ಶಿವಮೊಗ್ಗದವರೇ ಮುಗಿಸಿದ್ದರು. ಆದರೂ ಮಧ್ಯಾಹ್ನ ಕೇರಿಯ ಮೂವರು ಹಿರಿಯ ಹೆಂಗಸರು ಬಂದು ಜಗಲಿಯಲ್ಲಿ ಕೂತು, “ಸ್ನಾನ ಮಾಡ್ಸಿ, ಬಳೆ ತೆಗ್ಸಿ. ಶಾಸ್ತ್ರ ಬಿಡೋಕಾಗುತ್ತಾ?” ಎಂದರು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಅಂಗಳ ನೋಡಿದರು. ಗಿರಿಜತ್ತೆ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. “ಇಷ್ಟು ವರ್ಷ ಕುಂಕುಮ ಕೊಡೋವಾಗ ನನ್ನ ದಾಟ್ಕೊಂಡು ಹೋದ್ರಿ. ಅಳಿಸೋವಾಗ ಮಾತ್ರ ನೆನಪಾಯ್ತಾ?” ದನಿ ಏರಿಸಲಿಲ್ಲ. ಕೊಟ್ಟ ನೀರನ್ನೂ ಮುಟ್ಟದೆ ಆ ಹೆಂಗಸರು ಎದ್ದುಹೋದರು. ಮರುದಿನ ಅವಳು ಕುಂಕುಮವಿಟ್ಟುಕೊಂಡೇ ಕೆಲಸಕ್ಕೆ ಹೋದಳು. ವಾರದೊಳಗೆ ಗಿರಾಕಿಗಳು, ಮದುವೆ ಕಾಗದ ಅವಳ ಕೈಯಿಂದ ಬೇಡ ಎನ್ನತೊಡಗಿದರು. ಮಾಲೀಕರು ಒಳ್ಳೆಯವರು, ಬಿಡಿಸಲಿಲ್ಲ. ಪ್ರಶ್ನೆಪತ್ರಿಕೆ ಜೋಡಿಸಲು, ಪ್ರೂಫ್ ತಿದ್ದಲು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಮಾತಾಡಲು ಯಾರೂ ಇರಲಿಲ್ಲ.

ನನ್ನ ಮದುವೆ ಹೊಸನಗರಕ್ಕೆ ನಿಶ್ಚಯವಾದಾಗ ಕಾಗದ ಅವಳ ಅಚ್ಚುಕೂಟದಲ್ಲೇ ಅಚ್ಚಾಯಿತು. ಗಂಡಿನ ಕಡೆಯವರು ಏನೆಂದುಕೊಳ್ಳುತ್ತಾರೋ ಎಂದು ಅಪ್ಪ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ ತಂಗಿಯ ಹೆಸರು ಬರೆಯಲಿಲ್ಲ. ಪ್ರೂಫ್ ಅವಳ ಮೇಜಿಗೇ ಬಂತು. ಸಂಜೆ ಮನೆಗೆ ತಂದು ನನ್ನ ಕೈಗಿತ್ತಳು. “ಹುಡುಗನ ಹೆಸ್ರಲ್ಲಿ ಒಂದು ಒತ್ತು ಬಿಟ್ಟಿತ್ತು, ಸರಿ ಮಾಡಿದೀನಿ. ನೀನೊಂದ್ಸಲ ನೋಡು, ಮತ್ತೆಂತಾದ್ರೂ ಬಿಟ್ಟಿದ್ಯಾ?” ನಾನು ಪಟ್ಟಿಯನ್ನು ಓದಿದೆ. ಎರಡು ಸಲ ಓದಿದೆ. “ಎಂತ ಇಲ್ಲ ಅತ್ತೆ” ಅಂದೆ.

ನಾನು ಗಂಡನ ಮನೆ ಸೇರಿದ ಆರು ತಿಂಗಳಿಗೆ ಅವಳು ಸಾಗರ ಬಿಟ್ಟು ತೀರ್ಥಹಳ್ಳಿಯ ಇನ್ನೊಂದು ಅಚ್ಚುಕೂಟ ಸೇರಿ, ಅಲ್ಲೇ ಒಂದು ಬಾಡಿಗೆ ಕೋಣೆ ಹಿಡಿದಳು. ನಾನು ಅಲ್ಲಿಗೆ ಹೋದದ್ದು ಎಂಟು ವರ್ಷದ ಮೇಲೆ, ಮಗಳ ಕೈಹಿಡಿದುಕೊಂಡು. ಕಾಫಿ ಕುಡಿದು ಲೋಟ ಕೆಳಗಿಡುತ್ತ ಹೇಗೋ ಬಾಯಿಬಿಟ್ಟೆ: “ಅತ್ತೆ, ಅವತ್ತು ನಿನ್ನ ಹೆಸ್ರು ಹಾಕ್ಸಿ ಅಂತ ನಾ ಅಪ್ಪಂಗೆ ಹೇಳ್ಬೇಕಿತ್ತು.” ಅವಳು ಮಗುವಿಗೆ ಕಿತ್ತಳೆ ಸುಲಿಯುತ್ತಿದ್ದಳು. ತೊಳೆಯ ಬಿಳಿ ನಾರನ್ನು ಬಿಡಿಸುತ್ತ, “ಆಮೇಲೂ ಎರಡು ದಿನ ಪ್ರೂಫ್ ಕೊಡ್ದೆ ಇಟ್ಕೊಂಡಿದ್ದೆ, ನೀ ಹೇಳ್ತೀಯೇನೋ ಅಂತ. ಕೊನೆಗೆ ಪ್ರೆಸ್ಸಿನವ್ರು ಅವಸರ ಮಾಡಿದ್ರು” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅತ್ತಾದರೂ ಹಗುರಾಗುತ್ತಿದ್ದೆ.

ಮುಂದಿನ ವರ್ಷ ಅವಳು ತೀರಿಕೊಂಡಳು. ಅಪ್ಪ ಅಮ್ಮ ಈಗಿಲ್ಲ. ಸಾಗರದ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು: ಎಲ್ಲರ ಮದುವೆಗೂ ದುಡಿದು, ಯಾವ ಫೋಟೋದಲ್ಲೂ ನಿಲ್ಲದವಳು. ನಾನು ಗಿರಿಜತ್ತೆಯನ್ನು ಕೊನೆಯ ಸಲ ನೋಡಿದ್ದು ತೀರ್ಥಹಳ್ಳಿಯಲ್ಲಿ, ಆ ಕಿತ್ತಳೆ ಸುಲಿದ ದಿನವೇ. ಬಸ್‌ಸ್ಟ್ಯಾಂಡಿನವರೆಗೆ ಬಂದು, ನಮ್ಮನ್ನು ಹತ್ತಿಸಿ, ಕೆಳಗೆ ನಿಂತಳು. ಪಕ್ಕದ ಸೀಟಿನ ಹೆಂಗಸು ಅವಳನ್ನೇ ನೋಡುತ್ತ, “ಅವ್ರು ನಿಮ್ಗೆ ಎಂತಾಗ್ಬೇಕು?” ಎಂದು ಕೇಳಿದಳು. “ಸೋದರತ್ತೆ” ಅಂದೆ. “ಹೌದಾ? ಅವ್ರ ಯಜಮಾನ್ರು ಎಲ್ಲಿರೋದು?” ಬಸ್ಸು ಹೊರಟಿತು. ನಾನು ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಜನರೆಲ್ಲ ಚದುರಿದ ಮೇಲೂ ಅವಳೊಬ್ಬಳೇ ಅಲ್ಲಿ ನಿಂತು, ನನ್ನ ಮಗಳಿಗೆ ಇನ್ನೂ ಕೈಬೀಸುತ್ತಿದ್ದಳು.