ಒಂದು ಮರಿಗೆ ಒಂದು ಸ್ಟಾರ್ಟರ್

ತಾಸಿಗೊಮ್ಮೆ ಮೀಟರ್ ನೋಡಿ ಬರೆಯುವುದು ನನ್ನ ನೌಕರಿ. ಮನೆಗೆ ಹೋದ ಮೇಲೆ ಆ ದಿನವನ್ನು ಬರೆದಿಡುವುದು ನನ್ನ ಚಟ. ಏಪ್ರಿಲ್ ಕೊನೆಯ ಆ ಬುಧವಾರಕ್ಕೆ ಡೈರಿಯಲ್ಲಿ ಸಿಕ್ಕಿದ್ದು ಅರ್ಧ ಪುಟ ಮಾತ್ರ. ಸುಸ್ತಾಗಿತ್ತು. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ.

ಶಿಗ್ಗಾಂವಿ ತಾಲ್ಲೂಕಿನ ಒಂದು ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ದೊಡ್ಡ ಗೋಪುರಗಳ ಮೇಲೆ ಬರುವ ಎರಡು ಲೈನುಗಳಿಂದ ನಮಗೆ ವಿದ್ಯುತ್ ಸಿಗುತ್ತದೆ. ಅದನ್ನು ಊರಿಗೂ ಹೊಲಕ್ಕೂ ಒಯ್ಯುವ ಸಣ್ಣ ಲೈನುಗಳಿಗೆ ಫೀಡರ್ ಎನ್ನುತ್ತೇವೆ. ಆ ವಾರ ಎರಡು ದೊಡ್ಡ ಲೈನುಗಳಲ್ಲಿ ಒಂದನ್ನು ದುರಸ್ತಿಗೆಂದು ಬಂದ್ ಮಾಡಿದ್ದರು. ಎಲ್ಲರ ಭಾರ ಉಳಿದ ಒಂದರ ಮೇಲೆ ಬಿತ್ತು. ಭಾರ ಮಿತಿ ಮೀರಿದರೆ ತಂತಿ ಕಾದು ಜೋಲುತ್ತದೆ, ಲೈನು ತಾನಾಗಿಯೇ ಬಂದ್ ಆಗುತ್ತದೆ, ಆಮೇಲೆ ಯಾರಿಗೂ ಇಲ್ಲ. ಅದಕ್ಕೇ ಮೀಟರಿನ ಮೇಲೆ ಒಂದು ಕೆಂಪು ಪಟ್ಟಿ ಅಂಟಿಸಿ, ಮುಳ್ಳು ಅದನ್ನು ದಾಟದಂತೆ ಪಂಪ್‌ಸೆಟ್ ಫೀಡರುಗಳಿಗೆ ಪಾಳಿ ಹಚ್ಚಿದ್ದೆವು. ಒಬ್ಬರಿಗೆ ಕೊಟ್ಟಾಗ ಇನ್ನೊಬ್ಬರು ಕಾಯಬೇಕು.

ಅಂದು ನನ್ನ ಜೊತೆ ಡ್ಯೂಟಿಯಲ್ಲಿ ಇದ್ದವರು ಸವಣೂರಿನ ಹಿರಿಯ ಆಪರೇಟರ್. ನಾನು ಅವರನ್ನು ಚಾಚಾ ಎನ್ನುತ್ತೇನೆ. ಊಟದ ಡಬ್ಬಿ ಮುಂದಿಟ್ಟುಕೊಂಡು ಮೊಬೈಲ್ ನೋಡುತ್ತಿದ್ದವರು ನಕ್ಕರು.

"ನೋಡು ಬೇಟಾ, ಬಜಾರ್‌ದಾಗ ಈಗ ಕರೆಂಟ್ ಮಣ್ಣಿನ ರೇಟಿಗೆ ಬಿದ್ದೈತಿ. ಕೊಳ್ಳವ್ರ ಇಲ್ಲ."

ವಿದ್ಯುತ್ತಿಗೂ ಒಂದು ಬಜಾರಿದೆ, ಅಲ್ಲಿ ಕಾಲು ತಾಸಿಗೊಂದು ದರ. ಬಿಸಿಲು ಏರಿದಂತೆ ಸೋಲಾರ್ ವಿದ್ಯುತ್ ತುಂಬಿ ದರ ಇಳಿಯುತ್ತದೆ. ಕೆಲವು ಕಡೆ ಉತ್ಪಾದನೆ ಕಡಿಮೆ ಮಾಡಿರೆಂದು ಹೇಳುವುದೂ ಉಂಟು. ಅದೇ ಹೊತ್ತಿಗೆ ನಾವು ಇಲ್ಲಿ ಫೀಡರ್ ತೆಗೆದು, ಅಂದರೆ ಬಂದ್ ಮಾಡಿ, ಕೂತಿದ್ದೆವು.

"ಮಾಲು ಬೇಕಾದಷ್ಟೈತಿ," ಎಂದರು ಚಾಚಾ. "ತರೂ ಗಾಡಿ ಒಂದ."

ಆಗ ಅಕ್ಕನ ಫೋನ್ ಬಂತು. ಅಕ್ಕನನ್ನು ಕೊಟ್ಟಿರುವುದು ಹಿರೇಬೆಂಡಿಗೇರಿಗೆ. ಜವಾರಿ ಕೋಳಿಯ ಮೊಟ್ಟೆಗಳನ್ನು ಮರಿ ಮಾಡುವ ಮಷಿನ್ ಒಂದನ್ನು ಅವಳು ಮೊದಲ ಸಲ ತಂದಿದ್ದಳು. ಊರೊಳಗಿನ ಮನೆಯಲ್ಲಿ ವಾಸನೆ ಎಂದು ಅತ್ತೆ ಬೇಡವೆಂದಿದ್ದರಿಂದ ಅದು ಹೊಲದ ತಗಡಿನ ಕೋಣೆ ಸೇರಿತ್ತು. ಹಾಗಾಗಿ ಪಂಪ್‌ಸೆಟ್ಟಿನ ಫೀಡರೇ ಅದಕ್ಕೂ ಗತಿ. ಮಷಿನ್ನಿನಲ್ಲಿ ಎರಡು ಹಲಗೆ. ಮೇಲಿನ ಹಲಗೆಯ ಮೊಟ್ಟೆಗಳು ಅಂದು ಒಡೆದು ಮರಿಯಾಗಬೇಕಿತ್ತು, ಕೆಳಗಿನವು ಮರುದಿನ.

"ಫ್ಯಾನ್ ನಿಂತೈತಿ. ಬ್ಯಾಟರಿ ಮುಂಜಾನೇನ ಸತ್ತೈತಿ. ತತ್ತಿ ಒಳಗ ಚೀಂವ್ ಚೀಂವ್ ಅನ್ನಾಕತ್ತಾವ. ಬಾಗಲಾ ಮುಚ್ಚಿದ್ರ ಕುದ್ದು ಸಾಯ್ತಾವ, ತೆರದ್ರ ಸಿಪ್ಪಿ ಒಣಗಿ ಮರೀಗೆ ಅಂಟ್ಕೊಂತೈತಿ. ಏನ್ ಮಾಡ್ಲಿ ಹೇಳ?"

"ಎರಡಕ್ಕ ನಿಮ್ಮ ಪಾಳಿ ಬರ್ತೈತಿ. ಕೊಡ್ತೇನಿ."

ಎರಡಕ್ಕೆ ಕೊಟ್ಟೆ. ಮುಳ್ಳು ಒಂದು ಗಳಿಗೆ ಸುಮ್ಮನಿದ್ದು, ಒಮ್ಮೆಲೇ ಜಿಗಿದು ಕೆಂಪು ಪಟ್ಟಿ ದಾಟಿತು. ಮೇಲಿನ ಕಚೇರಿಯಿಂದ ಫೋನ್ ಬಂತು: "ಮೇಡಂ, ನಿಮ್ಮ ಲೋಡ್ ಮ್ಯಾಲೆ ಹೊಂಟೈತ್ರಿ. ಲಗೂನ ಇಳಸ್ರಿ." ತೆಗೆದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟೆ. ಮತ್ತೆ ಅದೇ ಜಿಗಿತ, ಅದೇ ಫೋನ್.

"ಎಲ್ಲಾರೂ ಆಟೋದಾಗ ಇಟ್ಟಾರ," ಎಂದರು ಚಾಚಾ.

ನನಗೂ ಗೊತ್ತಿತ್ತು. ಪಂಪಿನ ಸ್ಟಾರ್ಟರನ್ನು ಆಟೋಕ್ಕೆ ಹಾಕಿಟ್ಟರೆ ಕರೆಂಟ್ ಬಂದ ಕ್ಷಣ ಮೋಟರ್ ತಾನೇ ಶುರುವಾಗುತ್ತದೆ. ಹೊಲಕ್ಕೆ ಓಡುವುದು ತಪ್ಪುತ್ತದೆ. ನಮ್ಮ ಕಡೆ ಎಲ್ಲರದ್ದೂ ಹಾಗೆಯೇ. ಇಡೀ ಸೀಮೆಯ ಮೋಟರುಗಳು ಒಂದೇ ಉಸಿರಿಗೆ ಎಳೆದರೆ ಒಂಟಿ ಲೈನು ತಾಳುವುದೆಲ್ಲಿಂದ?

ನನ್ನ ಕೈ ಆಗ ಚಾಲೂ ಇದ್ದ ಸವಣೂರು ಕಡೆಯ ಫೀಡರಿನ ಹಿಡಿಕೆಯ ಮೇಲೆ ಹೋಯಿತು. ಅದನ್ನು ತೆಗೆದರೆ ಅಕ್ಕನಿಗೆ ಜಾಗವಾಗುತ್ತಿತ್ತು. ಚಾಚಾ ಎಲೆಗೆ ಸುಣ್ಣ ಹಚ್ಚುತ್ತ ಅದನ್ನು ನೋಡಿದರು.

"ತಗೀಬೇಕನ್ನಸ್ತೈತೇನು? ನನ್ನ ತಮ್ಮನ ಖಾರದ ಗಿರಣಿ ಅದರಾಗ ಐತಿ. ಇವತ್ತ ನೀ ತಗದಿ ಅಂದ್ರ, ನಾಳೆ ಅಂವ ನನಗ ನಿಮ್ಮಕ್ಕನ ಲೈನ್ ತಗಿ ಅಂತಾನ. ಆಮ್ಯಾಲ ಪಾಳಿ ಎಲ್ಲಿ ಉಳೀತು?"

ಕೈ ಹಿಂದಕ್ಕೆ ತೆಗೆದುಕೊಂಡೆ. ಬದಲಿಯವರು ಬರುವುದು ಸಂಜೆಗೆ. ಅಲ್ಲಿಯವರೆಗೆ ಗೇಟು ದಾಟುವಂತಿಲ್ಲ. ಅಕ್ಕನ ಹೊಲಕ್ಕೆ ಸ್ಕೂಟರಿನಲ್ಲಿ ಹೋದರೆ ಒಂದು ಚಹಾ ಕುಡಿಯುವಷ್ಟು ಹೊತ್ತು. ಅಕ್ಕನಿಗೆ ಫೋನ್ ಮಾಡಿ, ಎಲ್ಲರ ಸ್ಟಾರ್ಟರಿನ ಆಟೋ ತೆಗೆಸು ಎಂದೆ.

"ನೀ ಸ್ವಿಚ್ ಮುಂದ ಮಹಾರಾಣಿ ಹಂಗ ಕುಂತೀ. ನಾ ಹೊಲಾ ಹೊಲಾ ಭಿಕ್ಷಾ ಬೇಡ್ಲೇನು?"

ಬೈಯುತ್ತಲೇ ಹೊರಟಳು. ಫೋನ್ ಕಟ್ ಮಾಡಲಿಲ್ಲ. ಸ್ಕೂಟರಿನ ಸದ್ದು, ನಾಯಿ ಬೊಗಳಿದ್ದು, ಆಮೇಲೆ ಒಬ್ಬ ಗಂಡಸಿನ ದನಿ ಕೇಳಿತು.

"ನಾ ಬಂದ್ ಮಾಡ್ತೇನವಾ. ಮಗ್ಗಲದಾಂವ ಮಾಡ್ತಾನೇನು? ಅಂವ ಎಳಕೊಂಡ್ರ ನನ್ನ ಬೋರಿಗೆ ನೀರ ಇರೂದಿಲ್ಲ."

ಮಗ್ಗುಲ ಹೊಲದವನೂ ಇದನ್ನೇ ಹೇಳಿದ: "ಮೊದ್ಲ ಅಂವಗ ಹೇಳು ಹೋಗವಾ."

ಆಮೇಲೆ ಅಕ್ಕ ಕೂಗಿದಳು, ಅಕ್ಕಪಕ್ಕದ ಹೊಲಗಳಿಗೆಲ್ಲ ಕೇಳುವಂತೆ.

"ಸಂಜೀತನಕ ಆಟೋ ತಗದವ್ರಿಗೆ ಒಂದೊಂದು ಜವಾರಿ ಮರಿ ಕೊಡ್ತೇನಿ! ನಾನ ತಂದು ಮನೀಗೆ ಮುಟ್ಟಸ್ತೇನಿ!"

"ಹ್ಯಾಟಿ ಮರೀನೋ, ಹುಂಜದ ಮರೀನೋ?"

"ನಿನಗ ಒಡೀದ ತತ್ತ್ಯಾಗ ಕಾಣತೈತೇನಪಾ? ನನಗಂತೂ ಕಾಣವಲ್ದು."

ಯಾರೋ ನಕ್ಕರು. ಆ ನಗು ಹೊಲದಿಂದ ಹೊಲಕ್ಕೆ ಹೋಯಿತು. ಹೊತ್ತು ಮುಳುಗಲು ಇನ್ನೂ ಸಮಯವಿದ್ದಾಗ ಅಕ್ಕ "ಈಗ ಕೊಡು" ಎಂದಳು. ಕೊಟ್ಟೆ. ಮುಳ್ಳು ಏರಿತು, ಏರಿತು, ಕೆಂಪು ಪಟ್ಟಿಯ ಹೊಸ್ತಿಲಲ್ಲಿ ನಿಂತಿತು. ಫೋನಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು.

"ಉಸಿರು ಬಿಡು ಬೇಟಾ," ಎಂದರು ಚಾಚಾ.

ಮರುದಿನ ಡ್ಯೂಟಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿದ್ದೆ. ಮೇಲಿನ ಹಲಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊಟ್ಟೆಗಳು ಒಡೆದಿರಲಿಲ್ಲ. ಕೆಲವು ಸಣ್ಣ ತೂತು ಮಾಡಿಕೊಂಡು ಅಷ್ಟಕ್ಕೇ ನಿಂತಿದ್ದವು. ಅಕ್ಕ ಅವನ್ನು ಒಂದೊಂದಾಗಿ ಕಿವಿಗೆ ಹಿಡಿದು ಕೇಳಿ ಬುಟ್ಟಿಗೆ ಹಾಕುತ್ತಿದ್ದಳು. ಮಾತು ಕೊಟ್ಟವರಿಗೆಲ್ಲ ಹಂಚಿದ ಮೇಲೆ ಅವಳ ಪಾಲಿಗೆ ಉಳಿದವು ಒಂದು ಮೊರದಲ್ಲಿ ಹಿಡಿದವು.

ಮಗ್ಗುಲ ಹೊಲದವನು ಕಾಯದೆ ತಾನೇ ಬಂದು ತನ್ನ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಹೋಗುವಾಗ ನಮ್ಮ ಕಣ್ಣೆದುರಿಗೇ ಸ್ಟಾರ್ಟರ್ ಡಬ್ಬಿ ತೆರೆದು ಮತ್ತೆ ಆಟೋಕ್ಕೆ ಹಾಕಿದ. ನಮ್ಮನ್ನು ನೋಡಿ "ಬರ್ತೇನ್ರಿ" ಎಂದೂ ಹೇಳಿದ.

ಅಂದು ಗುರುವಾರ, ಕೆಳಗಿನ ಹಲಗೆಯ ದಿನ. ದುರಸ್ತಿ ಮುಗಿದಿರಲಿಲ್ಲ. ಚಾಚಾ ಮೊಬೈಲ್ ನೋಡಿ ಇವತ್ತೂ ಅಗ್ಗ ಎಂದರು. ಅಕ್ಕನ ಪಾಳಿ ಹತ್ತಿರ ಬಂದಾಗ ಅವಳ ಫೋನ್ ಬಂತು.

"ಮಗ್ಗಲದಾಂವ ಬಂದು ಕುಂತಾನ. ಒಂದ ಮರಿ ಇದ್ರ ಒಂದ ಸವನ ಚೀರತೈತಂತ, ಇವತ್ತ ಜೋಡಿ ಕೊಟ್ರ ಆಟೋ ತಗೀತೇನಿ ಅಂತಾನ. ಅಂವ ಅಂದದ್ದು ಕೇಳಿ ಉಳದವ್ರೂ ಹಂಗ ಅನ್ನಾಕತ್ತಾರ. ಏನ್ ಹೇಳ್ಲಿ?"

ಮುಳ್ಳು ಕೆಂಪು ಪಟ್ಟಿಯ ಕೆಳಗೆ ಸಣ್ಣಗೆ ನಡುಗುತ್ತಿತ್ತು. ಫೋನಿನಲ್ಲಿ, ಅಕ್ಕನ ದನಿಯ ಹಿಂದೆ, ಮಷಿನ್ನಿನೊಳಗಿನ ಚೀಂವ್ ಚೀಂವ್ ನನಗೂ ಕೇಳುತ್ತಿತ್ತು.

"ಕೊಡು," ಎಂದೆ.