ಸೋಮವಾರ ಬಿಡುವು ಪಡೆದ ಗಾರ್ಡ್

ಶನಿವಾರ, ಸೆಪ್ಟೆಂಬರ್ ಹದಿಮೂರು. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ. ಏಳೂವರೆಗೆ ಹೊಲಕ್ಕೆ ಹೋಗಬೇಕು. ಅಷ್ಟರೊಳಗೆ ನಾನೊಬ್ಬ ದಡ್ಡನೆಂದು ಒಪ್ಪಿಕೊಂಡು ಮುಗಿಸಬೇಕು. ಐವತ್ತು ನಿಮಿಷ ಸಾಕಾದೀತು.

ನಾನು ಬ್ಯಾಸ್ಕೆಟ್‌ಬಾಲನ್ನು ಕೈಯಲ್ಲಿ ಹಿಡಿದದ್ದು ಈವರೆಗೆ ಎರಡು ಸಲ. ಹಾನಗಲ್ಲಿನಲ್ಲಿ ಡಿಗ್ರಿ ಓದುವಾಗ ಕಾಲೇಜಿನ ಹಿಂದೆ ಒಂದು ಕಂಬವಿತ್ತು, ಅದರ ತುದಿಗೊಂದು ಕಬ್ಬಿಣದ ಬಳೆಯಿತ್ತು, ಬಳೆಗೆ ಬಲೆ ಇರಲಿಲ್ಲ. ಮೊದಲ ಸಲ ನಾನೆಸೆದ ಚೆಂಡು ಬಳೆಯನ್ನು ಮುಟ್ಟಲಿಲ್ಲ. ಎರಡನೆಯ ಸಲ ಕಂಬವನ್ನೂ ಮುಟ್ಟಲಿಲ್ಲ. ಎರಡನ್ನೂ ಆ ವರ್ಷದ ಡೈರಿಯಲ್ಲಿ ತಾರೀಖು ಸಹಿತ ಬರೆದಿಟ್ಟಿದ್ದೇನೆ. ಇಂಥ ನಾನು ಇವತ್ತು ಹನ್ನೆರಡು ಆಟಗಾರರ ತಂಡವೊಂದರ ಮಾಲೀಕ, ತರಬೇತುದಾರ, ಆಯ್ಕೆ ಸಮಿತಿ ಎಲ್ಲವೂ ಆಗಿದ್ದೇನೆ. ತಂಡಕ್ಕೆ ನಮ್ಮೂರಿನದೇ ಹೆಸರು, ಚಿಕ್ಕೇರೂರು ಸಂಘ. ಅದು ಇರುವುದು ಫೋನಿನೊಳಗಿನ ಒಂದು ಆಟದಲ್ಲಿ. ಅಲ್ಲಿ ನಾವು ಚೆಂಡು ಮುಟ್ಟುವುದೇ ಇಲ್ಲ. ಯಾರು ಆಡಬೇಕು, ಎಷ್ಟು ನಿಮಿಷ ಆಡಬೇಕು, ಯಾವುದನ್ನು ಕಲಿಯಬೇಕು ಎಂದು ಬರೆದಿಟ್ಟು ಕಾಯುತ್ತೇವೆ. ಆಡುವುದನ್ನು ಎಲ್ಲೋ ಇರುವ ಕಂಪ್ಯೂಟರ್ ಆಡುತ್ತದೆ. ಬರೆದಿಡುವುದು ಮತ್ತು ಕಾಯುವುದು, ನನಗೆ ಬರುವ ಎರಡೇ ವಿದ್ಯೆಗಳು. ಹೊಟ್ಟೆಪಾಡಿಗೂ ಅದನ್ನೇ ಮಾಡುತ್ತೇನೆ. ಊರ ಸುತ್ತಲಿನ ಬೀಜೋತ್ಪಾದನೆಯ ಹತ್ತಿ ಹೊಲಗಳಲ್ಲಿ ದಿನಕ್ಕೆ ಎಷ್ಟು ಹೂವಿಗೆ ಕೈಯಿಂದ ಪರಾಗ ಹಚ್ಚಿ ಕ್ರಾಸಿಂಗ್ ಮಾಡಿದರು ಎಂದು ವಹಿಯಲ್ಲಿ ಬರೆಯುವವನು ನಾನು.

ಆಟವನ್ನು ನನಗೆ ಹಚ್ಚಿದವನು ಸವಣೂರಿನ ಇಮ್ತಿಯಾಜ್. ಹಾನಗಲ್ಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಈಗ ಅವನು ತಂದೆಯ ಜೊತೆ ವೀಳ್ಯದೆಲೆಯ ಅಂಗಡಿಯಲ್ಲಿ ಕೂರುತ್ತಾನೆ. ಆಟದಲ್ಲಿ ಇಬ್ಬರ ತಂಡಗಳೂ ಒಂದೇ ಲೀಗಿನಲ್ಲಿವೆ; ಯಾರು ಯಾರನ್ನು ಆಡಿಸಿದರು ಎಂಬ ಪಟ್ಟಿ ಒಬ್ಬರದು ಇನ್ನೊಬ್ಬರಿಗೆ ಕಾಣುತ್ತದೆ. ಹೋದ ವರ್ಷ ಒಂದೇ ವಾರದಲ್ಲಿ ಇಬ್ಬರಿಗೂ ಹದಿನೆಂಟು ವರ್ಷದ ಒಬ್ಬೊಬ್ಬ ಗಾರ್ಡ್ ಸಿಕ್ಕ. ಗಾರ್ಡ್ ಎಂದರೆ ಎತ್ತರ ಕಡಿಮೆಯಿದ್ದು, ಚೆಂಡನ್ನು ತಟ್ಟುತ್ತ ಮುಂದೆ ತಂದು ಎತ್ತರದವರ ಕೈಗೆ ಒಪ್ಪಿಸುವವನು. ಅಂಕ ಗಳಿಸುವವರು ಅವರು, ಓಡುವವನು ಇವನು. ನನ್ನವನ ಹೆಸರು ಗುರ್‌ಪ್ರೀತ್ ನಂಬಿಯಾರ್. ಪಂಜಾಬಿನ ಹೆಸರಿಗೆ ಕೇರಳದ ಅಡ್ಡಹೆಸರು ಅಂಟಿಸಿದ್ದು ಕಂಪ್ಯೂಟರ್. ಅದಕ್ಕೆ ದೇಶದ ಏಕತೆಯ ಬಗ್ಗೆ ನಮಗಿಂತ ಹೆಚ್ಚು ನಂಬಿಕೆ.

ಆಟದೊಳಗೆ ಹದಿನಾಲ್ಕು ವಾರಕ್ಕೆ ಒಂದು ವರ್ಷ. ಇಪ್ಪತ್ತೊಂದು ವಯಸ್ಸಿನವರೆಗಿನ ಹುಡುಗರಿಗೆ ಭಾರತದ ಕಿರಿಯರ ತಂಡವೊಂದುಂಟು. ಅದರ ಪಟ್ಟಿಯಲ್ಲಿ ಆಟಗಾರನ ಹೆಸರಿನ ಮುಂದೆ ಅವನ ಸಂಘದ ಹೆಸರೂ ಬರುತ್ತದೆ. ಇಪ್ಪತ್ತೆರಡಕ್ಕೆ ಬಿದ್ದರೆ ಆ ಬಾಗಿಲು ಮುಚ್ಚಿತು. ನಾನು ಈವರೆಗೆ ಯಾವ ಪಟ್ಟಿಯಲ್ಲೂ ಬಂದವನಲ್ಲ. ಶಾಲೆಯ ಖೋಖೋ ತಂಡದಲ್ಲಿ ಹೆಚ್ಚುವರಿ ಆಟಗಾರರ ಪಟ್ಟಿ ಮಾಡಿದವನೇ ನಾನು. ಅದರಲ್ಲೂ ನನ್ನ ಹೆಸರಿರಲಿಲ್ಲ. ಹಾಗಾಗಿ ಚಿಕ್ಕೇರೂರು ಎಂಬ ಹೆಸರು ಆ ಪಟ್ಟಿಯಲ್ಲಿ ಒಮ್ಮೆ ಬರಲಿ ಎಂದು ಐವತ್ತು ವಾರ ಬೇರೇನನ್ನೂ ಬೇಡಲಿಲ್ಲ.

ಐವತ್ತು ವಾರದ ಲೆಕ್ಕ ನನ್ನ ಬಳಿಯಿದೆ. ಶುಕ್ರವಾರ ಮಧ್ಯಾಹ್ನ ತರಬೇತಿಯ ಫಲ ತಿಳಿಯುತ್ತದೆ. ಹತ್ತಿಗಿಡದ ನಡುವೆ ನಿಂತು ಫೋನು ನೋಡಿ, ಸಂಜೆ ಡೈರಿಗೆ ಇಳಿಸುತ್ತಿದ್ದೆ. ಪಾಸಿಂಗ್, ಅಂದರೆ ಚೆಂಡು ದಾಟಿಸುವ ಅಂಕ, ಆರರಿಂದ ಏಳಾಯಿತು. ಎಸೆತ ಐದರಿಂದ ಆರು. ಏಳು ಎಂಟಾದ ದಿನ ಹೊಲದ ಹೆಣ್ಣುಮಕ್ಕಳಿಗೆ ಚುರುಮುರಿ ತರಿಸಿದೆ. "ಯಾತಕ್ರಿ ಸಾಹೇಬ್ರ?" ಎಂದು ಕೇಳಿದರು. "ನಮ್ಮ ಹುಡುಗ ಪಾಸ್ ಚಲೋ ಕೊಡಾಕತ್ತಾನ" ಎಂದೆ. ಯಾವುದೋ ಪರೀಕ್ಷೆ ಇರಬೇಕೆಂದುಕೊಂಡು ತಿಂದರು.

ಆಯ್ಕೆಯ ದಿನ ಬಂತು. ಕಿರಿಯರ ತಂಡವನ್ನು ನೋಡಿಕೊಳ್ಳುವವರು ನಾಸಿಕದ ಯಾರೋ ಒಬ್ಬರು. ಅವರಿಂದ ಒಂದೂವರೆ ಸಾಲಿನ ಓಲೆ ಬಂತು. ಪಾಸಿಂಗ್ ಹನ್ನೆರಡು ಬೇಕಿತ್ತು, ನಿಮ್ಮವನದು ಹನ್ನೊಂದು, ಬೇರೊಬ್ಬನನ್ನು ತೆಗೆದುಕೊಂಡಿದ್ದೇವೆ. ಆ ಬೇರೊಬ್ಬ ಇಮ್ತಿಯಾಜನ ಗಾರ್ಡ್.

ಮರುದಿನ ಡೈರಿ ಹಿಡಿದುಕೊಂಡು ಸವಣೂರಿಗೆ ಹೋದೆ. ಜಗಳಕ್ಕಲ್ಲ, ಲೆಕ್ಕಕ್ಕೆ. ಒಂದೇ ವಾರ ಸಿಕ್ಕ, ಒಂದೇ ಅಂಕದ ಇಬ್ಬರು ಹುಡುಗರಲ್ಲಿ ಒಬ್ಬ ಹಿಂದೆ ಬಿದ್ದದ್ದು ಎಲ್ಲಿ ಎಂದು ಗೊತ್ತಾಗಬೇಕಿತ್ತು. ಇಮ್ತಿಯಾಜ್ ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದ. ಕೈ ಒರೆಸಿಕೊಂಡು ಡೈರಿಯ ಎರಡು ಪುಟ ತಿರುವಿದ.

"ಸೋಮಾರ ಎಲ್ಲಾ ಖಾಲಿ ಐತಲ್ಲೋ ಮಂಜ್ಯಾ."

"ಬಿಡುವು ಕೊಟ್ಟೇನಿ."

"ಅದಽ ನೋಡು. ಸೋಮಾರದ ಮ್ಯಾಚ್ ಲೀಗಿನ ಲೆಕ್ಕಕ್ಕಿಲ್ಲ ಖರೆ. ತರಬೇತಿ ಲೆಕ್ಕಕ್ಕ ಐತಿ. ಮೂರೂ ಮ್ಯಾಚಿನ ನಿಮಿಷ ಕೂಡಿಸ್ತಾರ."

ವಾರಕ್ಕೆ ಮೂರು ಪಂದ್ಯ: ಸೋಮವಾರ, ಗುರುವಾರ, ಶನಿವಾರ. ಸೋಮವಾರದ್ದು ಅಭ್ಯಾಸ ಪಂದ್ಯ. ಮೊದಲ ವಾರವೇ ನನ್ನ ಕೈ ತಾನಾಗಿ ಗುರ್‌ಪ್ರೀತನನ್ನು ಸೋಮವಾರ ಹೊರಗೆ ಕೂರಿಸಿತ್ತು. ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಎರಡನೆಯ ವಾರ ಡೈರಿಯಲ್ಲಿ 'ಸೋಮ: ಬಿಡುವು' ಎಂದು ಒಂದು ಮನೆಯನ್ನೇ ಗೀಟು ಎಳೆದು ಮಾಡಿದೆ. ಒಮ್ಮೆ ಗೀಟು ಎಳೆದ ಮೇಲೆ ನನ್ನಂಥವನು ಅದನ್ನು ಪ್ರಶ್ನಿಸುವುದುಂಟೇ? ಐವತ್ತು ಸೋಮವಾರ, ಅಂದರೆ ಮೂರರಲ್ಲೊಂದು ಪಾಲು, ಅಂದರೆ ಹೆಚ್ಚುಕಡಿಮೆ ಹದಿನೇಳು ವಾರದ ತರಬೇತಿ ಆ ಅಂದವಾದ ಮನೆಯೊಳಗೆ ಹೋಗಿ ಮಲಗಿತ್ತು.

"ನಿನಗ ಗೊತ್ತಿತ್ತೇನು?" ಎಂದೆ.

"ಹೋದ್ ವರ್ಷದಿಂದ ನೋಡಾಕತ್ತೇನಿ."

"ಮತ್ತ ಹೇಳಬಾರದಾಗಿತ್ತೇನು?"

ಅವನು ಮತ್ತೆ ಎಲೆ ಎಣಿಸಲು ಶುರು ಮಾಡಿದ. "ನಿಮ್ಮ ಮಂದಿ ಸೋಮಾರ ಎತ್ತು ಹೂಡಂಗಿಲ್ಲಲ್ಲಪಾ. ಇದೂ ಹಂಗ ಇರಬೇಕು ಅನಕೊಂಡೆ. ದೇವ್ರ ವಿಷ್ಯಾ, ನಾ ಯಾಕ ಬಾಯಿ ಹಾಕ್ಲಿ?"

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಅವನ ಅಬ್ಬಾ ತಲೆ ಎತ್ತಿದರು. "ಯಾವ ಎತ್ತೋ? ಫೋನಿನಾಗ ಎತ್ತೂ ಅದಾವೇನು?"

ಬಂಕಾಪುರದಲ್ಲಿ ಬಸ್ಸು ಬದಲಿಸುವಾಗ ಇದನ್ನೇ ಯೋಚಿಸುತ್ತಿದ್ದೆ. ಅವನದು ಮರ್ಯಾದೆಯೋ ಜಾಣತನವೋ? ಇನ್ನೊಬ್ಬರ ದೇವರ ವಿಷಯಕ್ಕೆ ಕೈಹಾಕದಿರುವುದು ನಮ್ಮ ಕಡೆ ದೊಡ್ಡ ಸಭ್ಯತೆ. ಅದರಿಂದಲೇ ಒಂದೇ ಓಣಿಯಲ್ಲಿ ನೆಮ್ಮದಿಯಾಗಿದ್ದೇವೆ. ಆದರೆ ಆ ಸಭ್ಯತೆಯ ಮರೆಯಲ್ಲಿ ಎದುರಾಳಿಯ ಐವತ್ತು ಸೋಮವಾರಗಳನ್ನು ನೋಡುತ್ತ ಕೂರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ನಮ್ಮೂರ ಹತ್ತಿರದ ಅಬಲೂರಿನ ಗುಡಿಯಲ್ಲಿ ಶಾಸನಗಳಿವೆ. ಶಾಸನ ಬರೆಸಿದವರು ಏನು ಕೊಟ್ಟೆವು ಎಂದು ಕಲ್ಲಿನಲ್ಲಿ ಕೊರೆಸುತ್ತಾರೆ, ಏನು ಹೇಳದೆ ಬಿಟ್ಟೆವು ಎಂದು ಯಾರೂ ಕೊರೆಸುವುದಿಲ್ಲ. ಅಷ್ಟು ದೊಡ್ಡ ಕಲ್ಲು ಎಲ್ಲೂ ಸಿಗಲಾರದು.

ಮನೆಯಲ್ಲಿ ವಿಷಯ ಹೇಳಿದೆ. ಹೇಳಬಾರದಿತ್ತು. ಅಪ್ಪ ತಾಟಿನಿಂದ ಕಣ್ಣೆತ್ತದೆ, "ಎತ್ತು ಮಾರಿ ಆರು ವರ್ಷಾತು. ಟ್ರ್ಯಾಕ್ಟರ್ ಸೋಮಾರಾನೂ ಹೊಡಸ್ತೇವಿ. ಇಲ್ಲದ ಎತ್ತಿಗೆ ಬಿಡುವು ಕೊಟ್ಟಾಂವ ಈ ತಾಲೂಕಿನಾಗ ನೀ ಒಬ್ಬನ" ಎಂದರು.

"ಇರ್ಲಿ ಬಿಡ್ರಿ," ಎಂದಳು ಅವ್ವ, "ಆ ಹುಡುಗಗರ ವಾರಕ್ಕೊಂದಿನ ಆರಾಮ ಸಿಕ್ಕತಲ್ಲ. ನಾ ರೊಟ್ಟಿ ಬಡಿಯೂದಕ್ಕ ಯಾವ ವಾರಾನೂ ಬಿಡುವಿಲ್ಲ."

ಅಪ್ಪ ಹೇಳಿದ್ದು ನಿಜ. ನಮ್ಮ ಮನೆತನದಲ್ಲಿ ಸೋಮವಾರದ ನೇಮ ಕಟ್ಟುನಿಟ್ಟಾಗಿ ನಡೆದದ್ದು ಕೊನೆಗೆ ಯಾವುದೋ ದೇಶದ ಕಂಪ್ಯೂಟರಿನಲ್ಲಿ, ದಣಿವೆಂದರೇನೆಂದೇ ಅರಿಯದ ಒಬ್ಬ ಹುಡುಗನ ಹೆಗಲ ಮೇಲೆ. ಪುಣ್ಯ ಬಂದಿದ್ದರೆ ಅದು ಯಾರ ಖಾತೆಗೆ ಹೋಯಿತೋ ತಿಳಿಯದು. ಪಾಸಿಂಗಿಗಂತೂ ಹೋಗಲಿಲ್ಲ.

ಆಮೇಲಿನ ಮೂರು ದಿನ ಇಮ್ತಿಯಾಜನ ಫೋನು ಎತ್ತಲಿಲ್ಲ. ಒಟ್ಟು ಏಳು ಕರೆ. ನಾಲ್ಕನೆಯ ದಿನ, ನಿನ್ನೆ, ಅವನ ಮೇಲಿನ ಆಪಾದನೆಗೆ ಇನ್ನಷ್ಟು ಪುರಾವೆ ಸಿಕ್ಕೀತೆಂದು ಡೈರಿಯನ್ನು ಮೊದಲಿಂದ ಓದಿದೆ. ಮಾರ್ಚಿನಲ್ಲಿ ನನ್ನದೇ ಅಕ್ಷರ ಸಿಕ್ಕಿತು.

"ಇಮ್ತಿಯಾಜನ ಶನಿವಾರದ ಪಟ್ಟಿ ಖಾಲಿ. ಸಂಜೆ ಉಪವಾಸ ಬಿಡುವ ಹೊತ್ತಿಗೇ ಪಟ್ಟಿ ಕಳಿಸುವ ಗಡುವು ಬೀಳುತ್ತದೆ. ಮಧ್ಯಾಹ್ನವೇ ಕಳಿಸಬಹುದೆಂದು ಅವನಿಗೆ ಗೊತ್ತಿಲ್ಲ. ಹೇಳಲಿಲ್ಲ. ಅವರ ರೋಜಾದ ವಿಷಯ."

ಅದರ ಕೆಳಗೆ ಕೆಂಪು ಶಾಯಿಯಲ್ಲಿ: "ಅವನಿಗೆ ಎರಡು ಅಂಕ ಖೋತಾ, ನಮಗೆ ಲಾಭ."

ಹೀಗೆ ನಾಲ್ಕು ಶನಿವಾರ. ಕೆಂಪು ಶಾಯಿಯನ್ನು ನಾನು ಸಂತೋಷದ ಸುದ್ದಿಗೆ ಮಾತ್ರ ಬಳಸುತ್ತೇನೆ.

ಅವನದು ಐವತ್ತು, ನನ್ನದು ನಾಲ್ಕು ಎಂದು ಸ್ವಲ್ಪ ಹೊತ್ತು ಸಮಾಧಾನ ಪಟ್ಟುಕೊಂಡೆ. ಆದರೆ ರಂಜಾನಿನಲ್ಲಿ ಬರುವ ಶನಿವಾರಗಳೇ ನಾಲ್ಕು. ಐವತ್ತಿದ್ದರೆ ಐವತ್ತೂ ಸುಮ್ಮನಿರುತ್ತಿದ್ದೆ. ಅವನದು ಮರ್ಯಾದೆಯೋ ಜಾಣತನವೋ ಎಂದು ತಿಳಿಯಲು ಸವಣೂರಿಗೆ ಹೋಗಬೇಕಾಗಿರಲಿಲ್ಲ.

ಗುರ್‌ಪ್ರೀತನಿಗೆ ಹೋದ ಬುಧವಾರ ಇಪ್ಪತ್ತೆರಡು ತುಂಬಿತು. ಮಾರಿಬಿಡು ಎಂದು ನಾಸಿಕದವರು ಹೇಳಿದ್ದಾರೆ. ಮಾರುವುದಿಲ್ಲ. ಹಿರಿಯರ ತಂಡಕ್ಕೆ ಪಾಸಿಂಗ್ ಹದಿನೈದು ಬೇಕಂತೆ. ಇಪ್ಪತ್ತೆರಡು ದಾಟಿದ, ಎತ್ತರ ಕಡಿಮೆಯ ಗಾರ್ಡ್ ಹನ್ನೊಂದರಿಂದ ಹದಿನೈದಕ್ಕೆ ಏರಲು ಎಷ್ಟು ವಾರ ಬೇಕು, ಅಷ್ಟರಲ್ಲಿ ಅವನ ಕಾಲಿನ ಚುರುಕು ಇಳಿಯುತ್ತದೆಯೇ? ಅನುಭವದಿಂದ ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಸಮಾಧಾನ ಹೇಳಬೇಕೆಂದಿರುವವರು ಶ್ರಮ ತೆಗೆದುಕೊಳ್ಳಬೇಡಿ. ನನ್ನ ತಪ್ಪು ಕಣ್ಣಿಗೆ ಬಿದ್ದವರು ಮಾತ್ರ, ಅದು ಯಾವ ದೇವರ ವಿಷಯವೆಂದು ತೋರಿದರೂ, ಕೂಡಲೇ ಬರೆಯಿರಿ.